ಅರ್ಧ ಎಂಎಲ್ ಅಳೆಯುವುದು ಹೇಗೆ? ಸ್ವಲ್ಪವೇ ಸ್ವಲ್ಪ ದ್ರವವನ್ನು ಅಳೆದು, ಚೆಲ್ಲದೆ ಸಾಗಿಸುವ ಸಮಗ್ರ ಮಾರ್ಗದರ್ಶಿ

ಒಂದು ಲೀಟರ್ ಹಾಲನ್ನು ಪಾತ್ರೆಯಿಂದ ಪಾತ್ರೆಗೆ ಬಗ್ಗಿಸಿದಾಗ ಅರ್ಧ ಚಮಚ ತಳದಲ್ಲೇ ಉಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ತಾರಸಿಯ ಮಲ್ಲಿಗೆ ಗಿಡಕ್ಕೆ ಅರ್ಧ ಎಂಎಲ್ ಔಷಧಿ ಬೇಕು ಅಂದುಕೊಳ್ಳಿ. ಅದರಲ್ಲಿ ಕಾಲು ಭಾಗವೋ ಅರ್ಧವೋ ಮುಚ್ಚಳಕ್ಕೇ ಅಂಟಿಕೊಂಡಿರುತ್ತದೆ. ಇನ್ನಷ್ಟು ಸೀಸೆಯ ಹೊರಮೈ ಮೇಲೆ ಇಳಿದು ಬೆರಳಿಗೆ ಹತ್ತುತ್ತದೆ. ಗಿಡಕ್ಕೆ ಹೋಗಿದ್ದೆಷ್ಟು ಅಂತ ದೇವರಿಗೇ ಗೊತ್ತು.

ಕೈ ನಡುಗಿದ್ದಕ್ಕೆ ಹೀಗಾಯಿತು ಅಂತ ಎಲ್ಲರೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ಕೈಯದ್ದು ತಪ್ಪು ಕಡಿಮೆ. ದ್ರವ ಕಡಿಮೆಯಾದಷ್ಟೂ ಅಂಟಿಕೊಂಡು ಹಿಂದೆ ಉಳಿಯುವ ಪಾಲು ಜಾಸ್ತಿಯಾಗುತ್ತದೆ. ಹಾಗಾಗಿ ಅಳೆಯುವಾಗ 'ಎಷ್ಟು ತೆಗೆದುಕೊಂಡೆ' ಅನ್ನುವುದಕ್ಕಿಂತ 'ಎಷ್ಟು ಹಿಂದೆ ಉಳಿಯಿತು' ಅನ್ನುವ ಕಡೆ ಕಣ್ಣಿರಬೇಕು. ಮನೆಯಲ್ಲಿ ಗಿಡಕ್ಕೆ ಔಷಧಿ ಹೊಡೆಯುವವರು, ಎಣ್ಣೆ-ಅತ್ತರು ಬೆರೆಸುವವರು, ಮಗುವಿಗೆ ಡ್ರಾಪ್ಸ್ ಹಾಕುವವರು, ಎಲ್ಲರಿಗೂ ಲೆಕ್ಕ ಇದೇ.

ಹನಿ ಎಣಿಸುವುದರಲ್ಲಿ ಏನು ತೊಂದರೆ?

20 ಹನಿ ಅಂದರೆ 1 ಎಂಎಲ್ ಅನ್ನುವ ಲೆಕ್ಕ ಬಹಳ ಜನರಿಗೆ ಬಾಯಿಪಾಠ. ನೀರಿಗೆ, ಸಾಧಾರಣ ಡ್ರಾಪರ್‌ಗೆ ಅದು ಸರಿ. ಒಂದು ಹನಿ ಸುಮಾರು 0.05 ಎಂಎಲ್ ಆಗುತ್ತದೆ. ಆದರೆ ಹನಿ ಎಷ್ಟು ದೊಡ್ಡದಾಗಿ ಉದುರಬೇಕು ಅನ್ನುವುದನ್ನು ನಿಮ್ಮ ಬೆರಳು ನಿರ್ಧರಿಸುವುದಿಲ್ಲ. ಡ್ರಾಪರ್ ತುದಿಯ ಅಗಲ ಮತ್ತು ದ್ರವ ತನ್ನನ್ನು ತಾನೇ ಹಿಡಿದುಕೊಳ್ಳುವ ಬಲ, ಅಂದರೆ ಮೇಲ್ಮೈ ಎಳೆತ, ಇವೆರಡೂ ಸೇರಿ ನಿರ್ಧರಿಸುತ್ತವೆ. ಸ್ಪಿರಿಟ್‌ನ ಎಳೆತ ನೀರಿನ ಮೂರನೇ ಒಂದು ಭಾಗದಷ್ಟೇ. ಹಾಗಾಗಿ ಅದೇ ಡ್ರಾಪರ್‌ನಲ್ಲಿ ಸ್ಪಿರಿಟ್ ಹನಿ ತುಂಬಾ ಚಿಕ್ಕದು. 20 ಹನಿ ಹಾಕಿದರೂ ಅರ್ಧ ಎಂಎಲ್ ಮುಟ್ಟುವುದಿಲ್ಲ. ಸೋಪಿನ ನೀರಿಗೂ ಇದೇ ಗತಿ.

ಆಸ್ಪತ್ರೆಯ ಡ್ರಿಪ್ ಸೆಟ್ ನೋಡಿದರೂ ಇದು ಗೊತ್ತಾಗುತ್ತದೆ. ಮಾಮೂಲಿ ಸೆಟ್‌ನಲ್ಲಿ ಎಂಎಲ್‌ಗೆ 20 ಹನಿ ಬಿದ್ದರೆ, ಮಕ್ಕಳಿಗೆ ಹಾಕುವ ಸೂಕ್ಷ್ಮ ಸೆಟ್‌ನಲ್ಲಿ 60 ಹನಿ ಬೀಳುತ್ತದೆ. ಒಳಗಿನ ದ್ರವ ಅದೇ. ತುದಿ ಮಾತ್ರ ಬೇರೆ.

ಹನಿಯನ್ನೇ ನಂಬಬೇಕಾದ ಸಂದರ್ಭ ಬಂದರೆ ಡ್ರಾಪರ್ ನೆಟ್ಟಗೆ ಹಿಡಿಯಿರಿ. ಓರೆ ಮಾಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಒಂದೊಂದು ಹನಿಗೂ ಸಾಕಷ್ಟು ಸಮಯ ಕೊಡಿ. ಒಂದು ಡ್ರಾಪರ್‌ನ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಏನೇನು ಬೇಕು

ಜಾಸ್ತಿ ಖರ್ಚಿಲ್ಲ. ಸೂಜಿಯಿಲ್ಲದ 1 ಎಂಎಲ್, 5 ಎಂಎಲ್ ಮತ್ತು 10 ಎಂಎಲ್ ಸಿರಿಂಜು ಯಾವ ಮೆಡಿಕಲ್ಸ್‌ನಲ್ಲಾದರೂ ಸಿಗುತ್ತದೆ. 1 ಎಂಎಲ್‌ನಲ್ಲಿ 0.01ರ ಗೆರೆ ಇರುವ ಟ್ಯೂಬರ್ಕುಲಿನ್ ಸಿರಿಂಜನ್ನೇ ಕೇಳಿ ತೆಗೆದುಕೊಳ್ಳಿ. ಇನ್ಸುಲಿನ್ ಸಿರಿಂಜು ಕೊಟ್ಟರೆ ಹುಷಾರು. ಕೆಂಪು ಮುಚ್ಚಳದ್ದರಲ್ಲಿ 40 ಯೂನಿಟ್ ಸೇರಿದರೆ 1 ಎಂಎಲ್, ಕಿತ್ತಳೆ ಮುಚ್ಚಳದ್ದರಲ್ಲಿ 100 ಯೂನಿಟ್ ಸೇರಿದರೆ 1 ಎಂಎಲ್. '20' ಅಂತ ಬರೆದಿರುವ ಗೆರೆ ಒಂದರಲ್ಲಿ ಅರ್ಧ ಎಂಎಲ್, ಇನ್ನೊಂದರಲ್ಲಿ 0.2 ಎಂಎಲ್.

ಜೊತೆಗೆ 0.01 ಗ್ರಾಂವರೆಗೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಇದನ್ನೇ ಕೊಳ್ಳಿ. ಒಂದು ಸಣ್ಣ ಲಾಳಿಕೆ, ಒಂದೆರಡು ಊದುಬತ್ತಿಯ ಖಾಲಿ ಕಡ್ಡಿ, ಹಳೆಯ ಬಟ್ಟೆ, ಮಾರ್ಕರ್ ಪೆನ್ನು ಇದ್ದರೆ ಸಾಕು.

ಪಿಪೆಟ್ (ಲ್ಯಾಬಿನಲ್ಲಿ ದ್ರವ ಎಳೆದು ಅಳೆಯುವ ಗಾಜಿನ ಕೊಳವೆ) ಬೇಕೇ ಬೇಕು ಅನ್ನುವವರಿಗೆ ಅಡ್ಡಿಯಿಲ್ಲ. ಆದರೆ ಬಾಯಲ್ಲಿ ಎಳೆಯುವ ಹಳೆಯ ಕಾಲೇಜು ಅಭ್ಯಾಸ ಬೇಡವೇ ಬೇಡ. ರಬ್ಬರ್ ಬಲ್ಬ್ ಹಾಕಿಕೊಳ್ಳಿ.

ಮೊದಲು ನಿಮ್ಮ ಚಮಚವನ್ನೇ ಪರೀಕ್ಷೆ ಮಾಡಿ

ಟೀ ಚಮಚ 5 ಎಂಎಲ್, ದೊಡ್ಡ ಚಮಚ 15 ಎಂಎಲ್ ಅನ್ನುವುದು ಅಳತೆಗಾಗಿಯೇ ಮಾಡಿದ ಚಮಚಗಳ ಮಾತು. ನಿಮ್ಮ ಮನೆಯ ಸ್ಟೀಲ್ ಚಮಚಕ್ಕೂ ಅದಕ್ಕೂ ಸಂಬಂಧವಿಲ್ಲ. ಪೂಜೆಯ ಉದ್ಧರಣೆ, ಮಗುವಿನ ಒಳಲೆ, ಔಷಧಿ ಸೀಸೆಯ ಮುಚ್ಚಳ, ಎಲ್ಲವೂ ಒಂದೊಂದು ಅಳತೆ.

ಪರೀಕ್ಷೆ ಸುಲಭ. 1 ಎಂಎಲ್ ನೀರು ಹೆಚ್ಚುಕಡಿಮೆ 1 ಗ್ರಾಂ ತೂಗುತ್ತದೆ. ತಕ್ಕಡಿ ಮೇಲೆ ಖಾಲಿ ಲೋಟ ಇಟ್ಟು ತೂಕ ನೋಡಿ. ನಿಮ್ಮ ಚಮಚದಿಂದ ಹತ್ತು ಸಲ ನೀರು ಹಾಕಿ. ಏರಿದ ತೂಕವನ್ನು ಹತ್ತರಿಂದ ಭಾಗಿಸಿ. ಬಂದ ಅಂಕಿಯನ್ನು ಮಾರ್ಕರ್‌ನಲ್ಲಿ ಹಿಡಿಯ ಮೇಲೆ ಬರೆದುಬಿಡಿ. ಡ್ರಾಪರ್‌ಗೂ ಹೀಗೇ ಮಾಡಿ. ಆದರೆ ಅಲ್ಲಿ ನೀರು ಬೇಡ, ನೀವು ನಿಜವಾಗಿ ಬಳಸುವ ದ್ರವವನ್ನೇ ಹನಿ ಹಾಕಿ ತೂಗಿ.

ಇಲ್ಲಿ ತಕ್ಕಡಿಯದ್ದೊಂದು ಕಿತಾಪತಿ ಇದೆ. ಕಡಿಮೆ ಬೆಲೆಯ ತಕ್ಕಡಿಗಳು ಸೊನ್ನೆಯ ಹತ್ತಿರ ಇದ್ದಾಗ ಸಣ್ಣಪುಟ್ಟ ಏರಿಳಿತವನ್ನು ತಾವಾಗಿಯೇ ಸೊನ್ನೆ ಮಾಡಿಕೊಳ್ಳುತ್ತವೆ. ನೀವು ನಿಧಾನವಾಗಿ ಒಂದೊಂದೇ ಹನಿ ಹಾಕುತ್ತಾ ಇದ್ದರೆ ಮೊದಲ ಕೆಲವು ಹನಿಗಳನ್ನು ತಕ್ಕಡಿ ನುಂಗಿಹಾಕುತ್ತದೆ. 0.00 ಅಂತಲೇ ತೋರಿಸುತ್ತಿರುತ್ತದೆ. ಪಾತ್ರೆ ಇಟ್ಟು ಸೊನ್ನೆ ಮಾಡಿದ ಮೇಲೆ ಪಕ್ಕದಲ್ಲಿ ಒಂದು ನಾಣ್ಯ ಇಡಿ. ಅದರ ತೂಕ ಬರೆದುಕೊಂಡು ಆಮೇಲೆ ಹನಿ ಹಾಕಿ. ಸೊನ್ನೆಯಿಂದ ದೂರ ಇದ್ದರೆ ಆ ಆಟ ನಡೆಯುವುದಿಲ್ಲ. ಫ್ಯಾನ್ ಆರಿಸುವುದನ್ನು ಮರೆಯಬೇಡಿ.

ಸಿರಿಂಜು ಬಳಸುವ ಸರಿಯಾದ ಕ್ರಮ

ಹೆಚ್ಚಿನ ಕೆಲಸ ಇದರಲ್ಲೇ ಮುಗಿಯುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

1. ಒಣಗಿದ ಸಿರಿಂಜಿನ ಒತ್ತುಕೋಲನ್ನು ಒಂದೆರಡು ಸಲ ಹಿಂದೆ ಮುಂದೆ ಆಡಿಸಿ. ಹೊಸದು ಮೊದಲ ಸಲ ಬಿಗಿಯಾಗಿರುತ್ತದೆ. ಆಮೇಲೆ ಫಟ್ಟನೆ ಜಾರುತ್ತದೆ.

2. ತುದಿಯನ್ನು ದ್ರವದೊಳಗೆ ಪೂರ್ತಿ ಮುಳುಗಿಸಿ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ನಿಧಾನವಾಗಿ ಎಳೆಯಿರಿ. ಬೇಗ ಎಳೆದರೆ ಗುಳ್ಳೆ ಗ್ಯಾರಂಟಿ.

3. ತುದಿ ಮೇಲೆ ಮಾಡಿ ಹಿಡಿದು ಉಗುರಿನಿಂದ ತಟ್ಟಿ. ಗುಳ್ಳೆ ಮೇಲಕ್ಕೆ ಬಂದು ಸೇರಲಿ. ಮೆಲ್ಲಗೆ ಒತ್ತಿ ಗಾಳಿಯನ್ನು ಹೊರಗೆ ಬಿಡಿ. ತುದಿಯಲ್ಲಿ ದ್ರವ ಕಾಣಿಸಿಕೊಳ್ಳಬೇಕು. ಗಿಡದ ಔಷಧಿಯಾದರೆ ತುದಿಗೆ ಬಟ್ಟೆ ಒತ್ತಿ ಹಿಡಿಯಿರಿ, ಮುಖಕ್ಕೆ ಹಾರದಿರಲಿ.

4. ಈಗ ಗೆರೆಗೆ ತನ್ನಿ. ಒಳಗಿನ ಕಪ್ಪು ರಬ್ಬರ್‌ಗೆ ಎರಡು ಅಂಚು ಇರುತ್ತದೆ. ಕೆಲವಕ್ಕೆ ನಡುವೆ ಒಂದು ಮೂತಿಯೂ ಇರುತ್ತದೆ. ನೋಡಬೇಕಾದ್ದು ದ್ರವದ ಕಡೆಗಿರುವ ಅಂಚು, ಅಂದರೆ ರಬ್ಬರ್ ಕೊಳವೆಯ ಗೋಡೆಗೆ ತಾಗುವ ಸುತ್ತು. ಮೂತಿಯ ತುದಿಯೂ ಅಲ್ಲ, ಹಿಂದಿನ ಅಂಚೂ ಅಲ್ಲ. ಸಿರಿಂಜು ಕಣ್ಣಿನ ಮಟ್ಟಕ್ಕೇ ಇರಲಿ.

5. ತುದಿಯ ಹೊರಗೆ ಜೋತಾಡುವ ಹನಿಯನ್ನು ಸೀಸೆಯ ಅಂಚಿಗೆ ತಾಗಿಸಿ ತೆಗೆಯಿರಿ. 1 ಎಂಎಲ್‌ನಲ್ಲಿ ಆ ಒಂದು ಹನಿಯೇ ನೂರಕ್ಕೆ ಐದು.

6. ಹಾಕಬೇಕಾದ ಪಾತ್ರೆಯ ಒಳಗೋಡೆಗೆ ತುದಿ ತಾಗಿಸಿ ನಿಧಾನವಾಗಿ ಸೊನ್ನೆವರೆಗೂ ಒತ್ತಿ. ಒಂದೆರಡು ಕ್ಷಣ ಹಾಗೇ ಹಿಡಿದು ಎತ್ತಿ.

ಕೊನೆಯಲ್ಲಿ ತುದಿಯ ಕೊಳವೆಯಲ್ಲಿ ಸ್ವಲ್ಪ ಉಳಿದಿರುತ್ತದೆ. ಅಯ್ಯೋ ವೇಸ್ಟ್ ಆಯ್ತು ಅಂತ ನೀರು ಎಳೆದು ತೊಳೆದು ಅದನ್ನೂ ಹಾಕಬೇಡಿ. ಸಿರಿಂಜಿನ ಗೆರೆಗಳು ಹೊರಗೆ ಹೋಗುವ ಪ್ರಮಾಣಕ್ಕೆ ಎಳೆದವು. ತುದಿಯಲ್ಲಿ ಉಳಿಯುವುದು ಲೆಕ್ಕಕ್ಕೆ ಸೇರಿಲ್ಲ. ಅದನ್ನೂ ತೊಳೆದು ಸೇರಿಸಿದರೆ ಅರ್ಧ ಎಂಎಲ್‌ಗೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಹೋಗಿಬಿಡಬಹುದು. ಪಿಯುಸಿ ಲ್ಯಾಬಿನಲ್ಲಿ ಪಿಪೆಟ್‌ನ ಕೊನೆಯ ಹನಿ ಊದಬೇಡಿ, ಗೋಡೆಗೆ ತಾಗಿಸಿ ಬಿಡಿ ಅಂತ ಗದರುತ್ತಿದ್ದರಲ್ವಾ? ಕಾರಣ ಇದೇ.

ಮುಚ್ಚಳ, ಅಳತೆ ಲೋಟ, ಚಮಚದ ಕಥೆ ತಿರುಗುಮುರುಗು. ಅಲ್ಲಿ ಗೆರೆ ಹೇಳುವುದು ಒಳಗೆ ಎಷ್ಟು ಹಿಡಿಯುತ್ತದೆ ಅನ್ನುವುದನ್ನು. ಸುರಿದ ಮೇಲೆ ಅಂಟಿಕೊಂಡದ್ದು ನಿಮ್ಮ ಅಳತೆಯೊಳಗಿನದ್ದೇ. ಆದ್ದರಿಂದ ಅದನ್ನು ತೊಳೆದು ಆ ನೀರನ್ನೂ ಸೇರಿಸಲೇಬೇಕು. ಸಿರಿಂಜು ತೊಳೆದು ಸೇರಿಸಬಾರದು, ಮುಚ್ಚಳ ತೊಳೆದು ಸೇರಿಸಬೇಕು. ಇದೊಂದು ತಲೆಗೆ ಹೋದರೆ ಅರ್ಧ ಸಮಸ್ಯೆ ಮುಗಿದ ಹಾಗೆ.

ಗಾಜಿನ ಅಳತೆ ಕೊಳವೆಯಲ್ಲಿ ನೀರಿನ ಮೇಲ್ಮೈ ಬಾಗಿರುತ್ತದೆ. ಬಾಗಿನ ತಳವನ್ನು ಗೆರೆಗೆ ಸರಿಮಾಡಿ. ಪೊಟ್ಯಾಸಿಯಂ ಪರ್ಮಾಂಗನೇಟ್‌ನಂಥ ಗಾಢ ಬಣ್ಣದ್ದಾದರೆ ತಳ ಕಾಣುವುದಿಲ್ಲ. ಆಗ ಮೇಲಂಚನ್ನೇ ನೋಡುವುದು ವಾಡಿಕೆ.

ಹರಳೆಣ್ಣೆ, ಬೇವಿನೆಣ್ಣೆ, ಗಂಧದೆಣ್ಣೆ

ಮಂದ ದ್ರವಗಳಿಗೆ ಅವಸರ ಆಗದು. ಒತ್ತುಕೋಲು ಎಳೆದು ನಿಲ್ಲಿಸಿದ ಮೇಲೂ ಎಣ್ಣೆ ನಿಧಾನವಾಗಿ ಏರುತ್ತಲೇ ಇರುತ್ತದೆ. ಅದು ನಿಲ್ಲುವವರೆಗೂ ತುದಿಯನ್ನು ಹೊರಗೆ ತೆಗೆಯಬೇಡಿ, ಗಾಳಿ ನುಗ್ಗುತ್ತದೆ. ಎಣ್ಣೆ ಸೀಸೆಯನ್ನು ಬಿಸಿನೀರಿನ ಬಟ್ಟಲಲ್ಲಿ ಹತ್ತು ನಿಮಿಷ ಇಟ್ಟರೆ ಕೆಲಸ ಸಲೀಸು. ಕೈ ತಡೆದುಕೊಳ್ಳುವಷ್ಟು ಬಿಸಿ ಸಾಕು. ಮೈಸೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂತಿರುತ್ತದೆ. 24 ಡಿಗ್ರಿ ಆಸುಪಾಸಿಗಿಂತ ಕೆಳಗಿಳಿದರೆ ಅದರ ಸ್ವಭಾವವೇ ಹಾಗೆ. ಪೂರ್ತಿ ಕರಗಿಸಿಯೇ ಅಳೆಯಿರಿ. ಅರೆಬರೆ ಕರಗಿದ್ದರಲ್ಲಿ ಅಳತೆ ಸಿಗುವುದಿಲ್ಲ.

ಎಣ್ಣೆ ಗೋಡೆಗೆ ಅಂಟುವುದರಿಂದ ಸೊನ್ನೆವರೆಗೂ ಒತ್ತಿದರೂ ಒಂದಷ್ಟು ಒಳಗೇ ಉಳಿಯುತ್ತದೆ. ಇದಕ್ಕೊಂದು ಉಪಾಯ: 1 ಎಂಎಲ್ ಬೇಕಾದರೆ 2ರ ಗೆರೆವರೆಗೆ ಎಳೆದು, 1ರ ಗೆರೆವರೆಗೆ ಮಾತ್ರ ಒತ್ತಿ. ಉಳಿದದ್ದನ್ನು ವಾಪಸ್ ಸೀಸೆಗೆ ಹಾಕಿ. ಕೊನೆಯ ಭಾಗದ ತೊಂದರೆ ಕೊನೆಯ ಭಾಗದಲ್ಲೇ ಉಳಿಯುತ್ತದೆ.

ಅದಕ್ಕಿಂತ ಒಳ್ಳೆಯದು ತೂಗುವುದು. ಬೆಲೆಬಾಳುವ ಎಣ್ಣೆಯನ್ನು ನಾನಂತೂ ಎಂಎಲ್‌ನಲ್ಲಿ ಅಳೆಯುವುದೇ ಇಲ್ಲ. ತಕ್ಕಡಿ ಮೇಲಿನ ಸೀಸೆಯೊಳಗೆ ಬಿದ್ದದ್ದೇ ಅಂಕಿಯಾಗುತ್ತದೆ. ಡ್ರಾಪರ್‌ಗೆ ಎಷ್ಟು ಅಂಟಿತು ಅನ್ನುವ ಚಿಂತೆಯೇ ಇಲ್ಲ. 1 ಎಂಎಲ್ ಗಂಧದೆಣ್ಣೆ ಸುಮಾರು 0.97 ಗ್ರಾಂ, ಕೊಬ್ಬರಿ ಎಣ್ಣೆ 0.92, ಹರಳೆಣ್ಣೆ 0.96, ಗ್ಲಿಸರಿನ್ 1.26, ಶುದ್ಧ ಸ್ಪಿರಿಟ್ 0.79. ಜೇನುತುಪ್ಪ 1.4ರ ಹತ್ತಿರ ಇರುತ್ತದೆ. ಹಾಗಾಗಿ ಒಂದು ಚಮಚ ಜೇನು ಅಂತ ಐದು ಗ್ರಾಂ ತೂಗಿದರೆ ಚಮಚ ತುಂಬಿರುವುದಿಲ್ಲ.

ತೀರಾ ಕಡಿಮೆ ಬೇಕಾದಾಗ ಕಡ್ಡಿ

ಅಳೆಯದೆಯೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಹಾಕುವ ದಾರಿ ಒಂದಿದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ಅವರೇ ಕೊಡುತ್ತಿದ್ದಾರೆ. 10 ಎಂಎಲ್‌ನ ಒಂದು ಸೀಸೆ ಸುಮಾರು 700 ಮತದಾರರಿಗೆ ಬರುತ್ತದೆ ಅನ್ನುವುದು ಲೆಕ್ಕ. ಭಾಗಿಸಿ ನೋಡಿ. ತಲೆಗೆ 0.014 ಎಂಎಲ್. ನೀರಿನ ಒಂದು ಹನಿಯ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ! ಮತಗಟ್ಟೆಯಲ್ಲಿ ಯಾರೂ ಸಿರಿಂಜು ಹಿಡಿದು ಕೂತಿರುವುದಿಲ್ಲ. ಕಡ್ಡಿ ಅದ್ದಿ ಗೀಟು ಎಳೆಯುತ್ತಾರೆ, ಅಷ್ಟೇ.

ದೇವರಾಜ ಮಾರುಕಟ್ಟೆಯ ಅತ್ತರಿನ ಅಂಗಡಿಗಳಲ್ಲಿ ಗಾಜಿನ ಕಡ್ಡಿ ಅದ್ದಿ ಮಣಿಕಟ್ಟಿಗೆ ಸವರುವುದೂ ಇದೇ ಕೆಲಸ. ಅದೇ ಕಡ್ಡಿ, ಅಷ್ಟೇ ಆಳಕ್ಕೆ ಅದ್ದುವುದು, ಸೀಸೆಯ ಅಂಚಿಗೆ ಒಂದು ಸಲ ತಾಗಿಸಿ ಎತ್ತುವುದು. ಈ ಮೂರು ಬದಲಾಗದಿದ್ದರೆ ಪ್ರಮಾಣವೂ ಅಷ್ಟಾಗಿ ಬದಲಾಗುವುದಿಲ್ಲ. ಹೊಲಿಗೆ ಮೆಷಿನ್‌ಗೆ, ಬಾಗಿಲ ಕೀಲಿಗೆ ಎಣ್ಣೆ ಬಿಡಲು, ಗೊಂಬೆಗೆ ಅಂಟು ಹಚ್ಚಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಊದುಬತ್ತಿ ಕಡ್ಡಿಯ ತುದಿಯನ್ನು ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿಕೊಳ್ಳಿ.

ಸೀಸೆಯಿಂದ ಸೀಸೆಗೆ

ನಿಧಾನವಾಗಿ ಬಗ್ಗಿಸಿದರೆ ದ್ರವ ಅಂಚನ್ನು ಅಪ್ಪಿಕೊಂಡು ಸೀಸೆಯ ಹೊರಮೈ ಮೇಲೆ ಇಳಿಯುತ್ತದೆ. ಚೆಲ್ಲಬಾರದು ಅಂತ ಮೆಲ್ಲಗೆ ಮಾಡಿದಷ್ಟೂ ಜಾಸ್ತಿ ಚೆಲ್ಲುವುದು ಇದಕ್ಕೇ. ಅಂಚಿಗೆ ಒಂದು ಕಡ್ಡಿ ಅಡ್ಡ ಹಿಡಿದು, ಕಡ್ಡಿಯ ಇನ್ನೊಂದು ತುದಿ ಕೆಳಗಿನ ಸೀಸೆಯ ಒಳಗೋಡೆಗೆ ತಾಗುವಂತೆ ಇಡಿ. ದ್ರವ ಕಡ್ಡಿಯನ್ನು ಹಿಡಿದು ಇಳಿಯುತ್ತದೆ. ನಿಲ್ಲಿಸುವಾಗ ಸೀಸೆಯನ್ನು ತಟ್ಟನೆ ನೆಟ್ಟಗೆ ಮಾಡಿ.

ಲಾಳಿಕೆ ಹಾಕಿದಾಗ ದ್ರವ ಅರ್ಧಕ್ಕೇ ನಿಂತು ಗುಳುಗುಳು ಅನ್ನುವುದು ಸೀಸೆಯೊಳಗಿನ ಗಾಳಿಗೆ ಹೊರಬರಲು ದಾರಿ ಇಲ್ಲದ್ದರಿಂದ. ಲಾಳಿಕೆಗೂ ಸೀಸೆಯ ಕತ್ತಿಗೂ ನಡುವೆ ಬೆಂಕಿಕಡ್ಡಿ ಸಿಕ್ಕಿಸಿ. 5 ಎಂಎಲ್‌ನ ಪುಟ್ಟ ಸೀಸೆಗಳಿಗೆ ಲಾಳಿಕೆಯೇ ಬೇಡ. ಸಿರಿಂಜಿಗೆ ಮೊಂಡ ಸೂಜಿ ಹಾಕಿ, ತುದಿಯನ್ನು ತಳಕ್ಕೆ ಮುಟ್ಟಿಸಿ, ಮಟ್ಟ ಏರಿದಂತೆ ಸೂಜಿಯನ್ನೂ ಮೇಲೆತ್ತುತ್ತಾ ಬನ್ನಿ. ಇಡೀ ಕೆಲಸವನ್ನು ಅಂಚಿರುವ ಒಂದು ಸ್ಟೀಲ್ ತಟ್ಟೆಯ ಮೇಲೆ ಮಾಡಿ. ಬಿದ್ದದ್ದನ್ನು ಎತ್ತಿಕೊಳ್ಳಬಹುದು.

ಸಾಧನಕ್ಕೆ ಸಿಗದಷ್ಟು ಕಡಿಮೆ ಬೇಕಾದರೆ

ಔಷಧಿ ಸೀಸೆಯ ಮೇಲೆ ಲೀಟರ್‌ಗೆ 0.3 ಎಂಎಲ್ ಅಂತ ಇದೆ. ನಿಮ್ಮ ಕೈಪಂಪು ಅರ್ಧ ಲೀಟರ್‌ನದ್ದು. ಅಂದರೆ ಬೇಕಾದ್ದು 0.15 ಎಂಎಲ್. 1 ಎಂಎಲ್ ಸಿರಿಂಜಿನಲ್ಲೂ ಒಂದು ಗೆರೆ ಆಚೀಚೆ ಆದರೆ ನೂರಕ್ಕೆ ಏಳರಷ್ಟು ತಪ್ಪು. ಹಾಗಾದರೆ ಸಣ್ಣದನ್ನು ಅಳೆಯುವುದನ್ನೇ ಬಿಡಿ, ದೊಡ್ಡದು ಮಾಡಿಕೊಂಡು ಅಳೆಯಿರಿ.

ಸಿರಿಂಜಿನಲ್ಲಿ ಅರ್ಧ ಎಂಎಲ್ ಔಷಧಿ ತೆಗೆದು 9.5 ಎಂಎಲ್ ನೀರಿಗೆ ಹಾಕಿ. ಒಟ್ಟು 10 ಎಂಎಲ್ ಆಯಿತು. ಚೆನ್ನಾಗಿ ಕುಲುಕಿ. ಇದರಲ್ಲಿ 3 ಎಂಎಲ್ ತೆಗೆದರೆ ನಿಮಗೆ ಬೇಕಾದ 0.15 ಸಿಕ್ಕಿತು. 3 ಎಂಎಲ್ ಅಳೆಯುವುದು ಯಾರಿಗೂ ಕಷ್ಟವಲ್ಲ. ಕುಲುಕಿದ ತಕ್ಷಣವೇ ತೆಗೆಯಿರಿ. ಹಾಲಿನ ಹಾಗೆ ಬೆಳ್ಳಗಾಗುವ ಔಷಧಿಗಳು ನಿಂತರೆ ಬೇರ್ಪಡುತ್ತವೆ. ಉಳಿದ 7 ಎಂಎಲ್ ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರಿಗೆ ಸಾಕು. ಅದೇ ಹುಳ ಬಿದ್ದಿರುವ ಪಕ್ಕದ ಮನೆಯ ಗಿಡಕ್ಕೆ ಆಗಲೇ ಹೊಡೆದು ಮುಗಿಸಿ. ಬೆರೆಸಿದ್ದನ್ನು ಎತ್ತಿಡಬೇಡಿ, ಮೋರಿಗೂ ಸುರಿಯಬೇಡಿ. ಕುಡಿಯುವ ನೀರಿನ ಬಾಟಲಿಗಂತೂ ಹಾಕಲೇಬೇಡಿ.

ಬೇವಿನೆಣ್ಣೆ ನೀರಿಗೆ ನೇರವಾಗಿ ಸೇರುವುದಿಲ್ಲ. ಲೀಟರ್‌ಗೆ 5 ಎಂಎಲ್ ಎಣ್ಣೆಗೆ ಒಂದೆರಡು ಎಂಎಲ್ ಸೋಪು ದ್ರಾವಣವನ್ನು ಮೊದಲು ಕಲಸಿ, ಆಮೇಲೆ ನೀರು ಸೇರಿಸುತ್ತಾ ಬನ್ನಿ. ಕ್ರಮ ತಪ್ಪಿದರೆ ಎಣ್ಣೆ ಮೇಲೆ ತೇಲಿ, ಒಂದು ಎಲೆಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ.

ಅತ್ತರು ಬೆರೆಸುವವರಿಗೂ ಇದೇ ದಾರಿ. ಘಾಟು ಜಾಸ್ತಿ ಇರುವ ಎಣ್ಣೆ 1 ಗ್ರಾಂಗೆ 9 ಗ್ರಾಂ ಬೇರೆ ಸಪ್ಪೆ ಎಣ್ಣೆ ಸೇರಿಸಿ ಇಟ್ಟುಕೊಳ್ಳಿ. ಅದರ 0.1 ಗ್ರಾಂ ಹಾಕಿದರೆ ಮೂಲದ್ದು 0.01 ಗ್ರಾಂ ಹೋದಂತೆ.

ಮಂಡ್ಯ ಕಡೆ ಗದ್ದೆಗೆ ಹೊಡೆಯುವ 16 ಲೀಟರ್ ಟ್ಯಾಂಕಿಗೆ 'ಎರಡು ಮುಚ್ಚಳ' ಅನ್ನುವ ಮಾತು ಸಾಮಾನ್ಯ. ಯಾವ ಸೀಸೆಯ ಮುಚ್ಚಳ? ಲೀಟರ್‌ಗೆ 0.3ರಂತೆ ಟ್ಯಾಂಕಿಗೆ ಬೇಕಾದ್ದು 4.8 ಎಂಎಲ್. ಕೆಲವು ಮುಚ್ಚಳ ಒಂದೇ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಹೊಸ ಸೀಸೆ ತಂದಾಗಲೆಲ್ಲ ಅಳತೆ ಲೋಟ ಬಂದಿದೆಯಾ ನೋಡಿ, ಇಲ್ಲದಿದ್ದರೆ ಸಿರಿಂಜು ಹಿಡಿಯಿರಿ. ಕೈಗವಸು ಹಾಕಿಕೊಂಡು, ಟ್ಯಾಂಕಿಗೆ ಅರ್ಧ ನೀರು ತುಂಬಿ, ಔಷಧಿ ಹಾಕಿ, ಆಮೇಲೆ ಉಳಿದ ನೀರು. ಖಾಲಿಯಾದ ಸೀಸೆಯನ್ನು ಮೂರು ಸಲ ತೊಳೆದು ಆ ನೀರನ್ನು ಟ್ಯಾಂಕಿಗೇ ಹಾಕಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ತೊಳೆಯಬೇಡಿ.

ಮಕ್ಕಳ ಔಷಧಿ

ಇಲ್ಲಿ ಅಂದಾಜು ಕೂಡದು. ಜ್ವರದ ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಅದೇ ಔಷಧಿಯ ಸಿರಪ್‌ನಲ್ಲಿ 5 ಎಂಎಲ್‌ಗೆ 125 ಅಥವಾ 250. ಸಿರಪ್ ಮುಗಿದಿದೆ, ಡ್ರಾಪ್ಸ್ ಇದೆ ಅಂತ ಅಷ್ಟೇ ಎಂಎಲ್ ಹಾಕಿದರೆ ಎರಡು ಪಟ್ಟೋ ನಾಲ್ಕು ಪಟ್ಟೋ ಹೋಗುತ್ತದೆ. ಡಾಕ್ಟರು ಬರೆದದ್ದು ಯಾವುದಕ್ಕೆ ಅಂತ ನೋಡಿ. ಡಬ್ಬಿಯಲ್ಲಿ ಬಂದ ಡ್ರಾಪರ್ ಆ ಔಷಧಿಗೆ ಮಾತ್ರ.

ಸಿರಿಂಜಿನಲ್ಲಿ ಕೊಡುವಾಗ ಪುಟ್ಟ ಮುಚ್ಚಳವನ್ನು ಮೊದಲೇ ತೆಗೆದು ದೂರ ಇಡಿ, ಗಂಟಲಿಗೆ ಸಿಕ್ಕಿಕೊಂಡೀತು. ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಅಜ್ಜಿ ಒಳಲೆಯಲ್ಲೇ ಹಾಕೋಣ ಅಂದರೆ ಜಗಳ ಬೇಡ. ಸಿರಿಂಜಿನಲ್ಲಿ ಅಳೆದು ಒಳಲೆಗೆ ಹಾಕಿ. ಕುಡಿಸಿದ ಮೇಲೆ ಒಳಲೆಯ ಗೋಡೆಗೆ ಅಂಟಿದ್ದನ್ನು ಮಗು ಕುಡಿಯುವ ಹಾಲಿನಲ್ಲೇ ಒಂದಿಷ್ಟು ಹಾಕಿ ತೊಳೆದು ಅದನ್ನೂ ಕುಡಿಸಿ.

ಕಣ್ಣಿನ ಡ್ರಾಪ್ಸ್‌ಗೆ ಒಂದೇ ಹನಿ ಸಾಕು. ರೆಪ್ಪೆಯ ಒಳಗೆ ಹಿಡಿಯುವುದೇ ಸುಮಾರು 0.03 ಎಂಎಲ್. ಎರಡನೆಯದು ಸುಮ್ನೆ ಕೆನ್ನೆ ಮೇಲೆ ಇಳಿಯುತ್ತದೆ.

ಕೆಲಸ ಮುಗಿದ ಮೇಲೆ

ಗಿಡದ ಔಷಧಿಗೆ ಬಳಸಿದ ಸಿರಿಂಜಿಗೆ ಕೆಂಪು ನೇಲ್ ಪಾಲಿಷ್ ಬಳಿದು ಬೇರೆ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅದು ಮತ್ತೆ ಅಡುಗೆಮನೆಗೆ ಬರಬಾರದು. ಎಣ್ಣೆಗೆ ಬಳಸಿದ್ದನ್ನು ಬಿಸಿ ಸೋಪುನೀರಲ್ಲಿ ತೊಳೆದು, ಒತ್ತುಕೋಲು ಹೊರಗೆ ತೆಗೆದು ಒಣಗಿಸಿ. ಎಣ್ಣೆ ಕುಡಿದ ರಬ್ಬರ್ ಉಬ್ಬುತ್ತದೆ, ಒತ್ತುಕೋಲು ಬಿಗಿಯಾಗಿ ತಡೆತಡೆದು ಜಾರುತ್ತದೆ. ಹಾಗಾದ ಸಿರಿಂಜು ಬಿಸಾಡಿ. ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್‌ನ ಎರಡು ತುಂಡಿನ ಸಿರಿಂಜು ಸಿಕ್ಕರೆ ಎಣ್ಣೆಗೆ ಅದನ್ನೇ ಇಟ್ಟುಕೊಳ್ಳಿ. ಗೆರೆಗಳ ಮಸಿ ಸ್ಪಿರಿಟ್‌ಗೆ ಅಳಿಸಿಹೋಗುತ್ತದೆ, ಮೇಲೊಂದು ಪದರ ಸೆಲ್ಲೋಟೇಪು ಅಂಟಿಸಿಡಿ.